ಬಾಂಬ್ ಇಟ್ಟವರು ಸಿಕ್ಕರು, ಎಚ್ಚರಿಕೆ ಕೇಳದವರು ಯಾರು? ಕರ್ನಾಟಕದ 28 ಸಂಸದರಿಗೆ ಬಹಿರಂಗ ಪತ್ರ

ಮಾನ್ಯ ಲೋಕಸಭಾ ಸದಸ್ಯರೇ,

ನಿಮ್ಮೆಲ್ಲರಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿದ್ದೇನೆ. ಪಕ್ಷ ನೋಡಿ ಬರೆದದ್ದಲ್ಲ. ಕೇಳುತ್ತಿರುವುದೂ ಒಂದೇ. ಭಯೋತ್ಪಾದಕರ ದಾಳಿಗೆ ಜನ ಬಲಿಯಾದಾಗ, ಅದನ್ನು ತಡೆಯಬೇಕಾದವರು ಎಲ್ಲಿ ಎಡವಿದರು ಅನ್ನುವ ವರದಿ ಸಂಸತ್ತಿನ ಮುಂದೆ ಬರಲೇಬೇಕು, ನಾವೂ ಅದನ್ನು ಓದುವಂತಿರಬೇಕು. ಅದಕ್ಕೊಂದು ಕಾನೂನು ತನ್ನಿ.

2019ರ ಏಪ್ರಿಲ್ 18ರಂದು ರಾಜ್ಯದಲ್ಲಿ ಲೋಕಸಭೆಯ ಮೊದಲ ಹಂತದ ಮತದಾನ ಮುಗಿಯಿತು. ಬೆಂಗಳೂರು, ನೆಲಮಂಗಲ, ತುಮಕೂರು ಕಡೆಯ ಕೆಲವು ಜೆಡಿಎಸ್ ಕಾರ್ಯಕರ್ತರು ಒಂದಷ್ಟು ಸುತ್ತಾಡಿಕೊಂಡು ಬರೋಣ ಅಂತ ಕೊಲಂಬೊಗೆ ಹೋದರು. 21ನೇ ತಾರೀಕು, ಈಸ್ಟರ್ ಭಾನುವಾರ, ಶಾಂಗ್ರಿಲಾ ಹೋಟೆಲಿನಲ್ಲಿ ಬೆಳಗಿನ ತಿಂಡಿಯ ಹೊತ್ತಿಗೆ ಬಾಂಬ್ ಸಿಡಿಯಿತು. ಅವರಲ್ಲಿ ಹಲವರು ಶವವಾಗಿ ಊರಿಗೆ ಬಂದರು. ಅದೇ ಬೆಳಿಗ್ಗೆ ಮೂರು ಚರ್ಚು, ಮೂರು ದೊಡ್ಡ ಹೋಟೆಲುಗಳ ಮೇಲೆ ಆತ್ಮಾಹುತಿ ದಾಳಿ ನಡೆದಿತ್ತು. ಒಟ್ಟು 250ಕ್ಕೂ ಹೆಚ್ಚು ಜನ ಸತ್ತರು.

ಈ ದಾಳಿಯ ಸುಳಿವು ಶ್ರೀಲಂಕಾ ಸರ್ಕಾರಕ್ಕೆ ಇರಲಿಲ್ಲವೇ? ಇತ್ತು, ಬೇಕಾದಷ್ಟಿತ್ತು. ದಾಳಿಯ ಮುಖಂಡ ಜಹ್ರಾನ್ ಹಾಶಿಮ್‌ನ ದ್ವೇಷದ ಭಾಷಣಗಳ ಬಗ್ಗೆ ಅವನ ಊರು ಕಾತ್ತಾನ್‌ಕುಡಿಯ ಮುಸ್ಲಿಮರೇ ಪೊಲೀಸರಿಗೆ ದೂರು ಕೊಟ್ಟಿದ್ದರು. 2019ರ ಜನವರಿಯಲ್ಲಿ ಪುತ್ತಳಂ ಜಿಲ್ಲೆಯ ಒಂದು ತೆಂಗಿನ ತೋಟದಲ್ಲಿ ಸ್ಫೋಟಕಗಳ ದಾಸ್ತಾನು ಸಿಕ್ಕಿತ್ತು. ಏಪ್ರಿಲ್ 4ಕ್ಕೆ ನಮ್ಮ ದೇಶದ ಗುಪ್ತಚರರೇ ಮಾಹಿತಿ ಮುಟ್ಟಿಸಿದರು. ಅದು ಒಂದು ಕಚೇರಿಯಿಂದ ಇನ್ನೊಂದಕ್ಕೆ ಕಾಗದವಾಗಿ ಓಡಾಡಿತು. ಏಪ್ರಿಲ್ 11ರ ಪೊಲೀಸ್ ಪತ್ರ ಒಂದಿದೆ. ಅದರಲ್ಲಿ ಜಹ್ರಾನ್ ಹೆಸರಿತ್ತು, ಆತ್ಮಾಹುತಿ ದಾಳಿಯ ಸಂಚು ಅಂತಲೂ ಇತ್ತು. ಆದರೆ ಪತ್ರ ಹೋದದ್ದು ಮಂತ್ರಿಗಳು, ನ್ಯಾಯಾಧೀಶರು, ರಾಯಭಾರಿಗಳಂಥವರ ಭದ್ರತೆ ನೋಡಿಕೊಳ್ಳುವ ವಿಭಾಗಗಳಿಗೆ. ಗಣ್ಯರ ಕಾವಲುಗಾರರಿಗೆ ಗೊತ್ತಿತ್ತು, ಚರ್ಚಿಗೆ ಹೋದವರಿಗೆ ಗೊತ್ತಿರಲಿಲ್ಲ. ಅಧ್ಯಕ್ಷರಿಗೂ ಪ್ರಧಾನಿಗೂ ಆಗ ಮಾತುಕತೆಯೇ ಸರಿಯಿರಲಿಲ್ಲ. ರಾಷ್ಟ್ರೀಯ ಭದ್ರತಾ ಮಂಡಳಿಯ ಸಭೆಗೆ ಪ್ರಧಾನಿಯನ್ನು ಕರೆಯುವುದನ್ನೇ ನಿಲ್ಲಿಸಲಾಗಿತ್ತು.

ಇಷ್ಟೆಲ್ಲ ನಮಗೆ ತಿಳಿದದ್ದು ಹೇಗೆ? ಶ್ರೀಲಂಕಾ ಸಂಸತ್ತಿನ ಆಯ್ಕೆ ಸಮಿತಿ ಅಧಿಕಾರಿಗಳನ್ನು ಕೂರಿಸಿಕೊಂಡು ವಿಚಾರಿಸಿತು. ಆಮೇಲೆ ಅಧ್ಯಕ್ಷೀಯ ಆಯೋಗ ಬಂತು. ಪೊಲೀಸ್ ಮುಖ್ಯಸ್ಥ, ರಕ್ಷಣಾ ಕಾರ್ಯದರ್ಶಿ ಇಬ್ಬರ ಮೇಲೂ ಕ್ರಿಮಿನಲ್ ಕೇಸು ನಡೆಯಿತು. 2022ರಲ್ಲಿ ಅವರು ಖುಲಾಸೆಯಾದರು. ಅಲ್ಲಿಗೆ ಕಡತ ಮುಚ್ಚಿತು ಅಂದುಕೊಳ್ಳುವಷ್ಟರಲ್ಲಿ, 2023ರ ಜನವರಿ 12ರಂದು ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಎಚ್ಚರಿಕೆ ಇದ್ದೂ ಸುಮ್ಮನಿದ್ದದ್ದು ಪ್ರಜೆಗಳ ಮೂಲಭೂತ ಹಕ್ಕಿನ ಉಲ್ಲಂಘನೆ ಎಂದಿತು. ಮಾಜಿ ಅಧ್ಯಕ್ಷ ಮೈತ್ರಿಪಾಲ ಸಿರಿಸೇನ ಸ್ವಂತ ಜೇಬಿನಿಂದ 10 ಕೋಟಿ ಶ್ರೀಲಂಕಾ ರೂಪಾಯಿ ಪರಿಹಾರ ಕಟ್ಟಬೇಕೆಂದು ಆದೇಶಿಸಿತು. ಆ ಇಬ್ಬರು ಅಧಿಕಾರಿಗಳ ಜೊತೆ ಗುಪ್ತಚರ ಮುಖ್ಯಸ್ಥರಿಗೂ ದಂಡ ಬಿತ್ತು. ದೇಶ ಆಳಿದವರು ದುಡ್ಡಿಲ್ಲ, ಕಂತಿನಲ್ಲಿ ಕಟ್ಟುತ್ತೇನೆ ಅಂತ ಕೋರ್ಟನ್ನು ಕೇಳಿಕೊಂಡರು! ಎಲ್ಲ ಸತ್ಯವೂ ಹೊರಬಂದಿದೆ ಅಂತಲ್ಲ. ದಾಳಿಯ ಹಿಂದೆ ಇನ್ನೂ ಯಾರಿದ್ದರು ಎಂದು ಅಲ್ಲಿನ ಕ್ಯಾಥೊಲಿಕರ ಹಿರಿಯ ಧರ್ಮಗುರು ಕಾರ್ಡಿನಲ್ ವರ್ಷಗಟ್ಟಲೆ ಕೇಳುತ್ತಾ ಬಂದಿದ್ದಾರೆ. ಆದರೂ ಆರ್ಥಿಕವಾಗಿ ಕುಸಿದುಬಿದ್ದಿದ್ದ ಆ ಪುಟ್ಟ ದೇಶ ನಾವು ಮಾಡದ ಕೆಲಸ ಮಾಡಿತು.

ಇನ್ನೊಂದು ಉದಾಹರಣೆ ನಾರ್ವೆಯದು. 2011ರ ಜುಲೈ 22ರಂದು ಅಲ್ಲಿ ವಲಸಿಗರನ್ನೂ ಮುಸ್ಲಿಮರನ್ನೂ ದ್ವೇಷಿಸುವ ಒಬ್ಬ ಬಲಪಂಥೀಯ ಉಗ್ರ 77 ಜನರನ್ನು ಕೊಂದ. ಮೊದಲು ಓಸ್ಲೋದಲ್ಲಿ ಸರ್ಕಾರಿ ಕಚೇರಿಗಳ ಮುಂದೆ ಬಾಂಬ್, ನಂತರ ಉಟೋಯಾ ದ್ವೀಪದ ಯುವಜನ ಶಿಬಿರದಲ್ಲಿ ಗುಂಡಿನ ದಾಳಿ. ಸರ್ಕಾರ ಆಯೋಗ ನೇಮಿಸಿತು, ಒಂದೇ ವರ್ಷದಲ್ಲಿ ವರದಿ ಬಂತು. ಅದರಲ್ಲಿ ಒಂದು ಸಂಗತಿ ಇದೆ. ಬಾಂಬ್ ಸಿಡಿದ ಕೆಲವೇ ನಿಮಿಷಕ್ಕೆ ದಾರಿಹೋಕನೊಬ್ಬ ಪೊಲೀಸರಿಗೆ ಫೋನ್ ಮಾಡಿದ್ದ. ಪೊಲೀಸ್ ವೇಷದಲ್ಲಿ ಪಿಸ್ತೂಲು ಹಿಡಿದವನೊಬ್ಬ ಗಾಡಿ ಹತ್ತಿ ಹೋದ ಎಂದು ಹೇಳಿ, ಗಾಡಿಯ ನಂಬರನ್ನೂ ಕೊಟ್ಟಿದ್ದ. ಫೋನ್ ತೆಗೆದುಕೊಂಡವರು ಅದನ್ನು ಚೀಟಿಯಲ್ಲಿ ಬರೆದಿಟ್ಟರು. ಆ ಚೀಟಿ ಸುಮಾರು 20 ನಿಮಿಷ ಮೇಜಿನ ಮೇಲೆ ಬಿದ್ದಿತ್ತು. ಅಷ್ಟರಲ್ಲಿ ಗಾಡಿ ದ್ವೀಪದ ಕಡೆ ಹೊರಟಿತ್ತು. ಸರ್ಕಾರಿ ಕಟ್ಟಡದ ಮುಂದಿನ ರಸ್ತೆಯನ್ನು ಮುಚ್ಚಬೇಕು ಎಂದು 2004ರಲ್ಲೇ ಸಲಹೆ ಇತ್ತು, ಅದೂ ಆಗಿರಲಿಲ್ಲ. ಓಸ್ಲೋ ಬಾಂಬನ್ನು ತಡೆಯಬಹುದಿತ್ತು ಎಂದು ಆಯೋಗ ನೇರವಾಗಿ ಬರೆಯಿತು. ಕೆಲವೇ ದಿನಗಳಲ್ಲಿ ಪೊಲೀಸ್ ಮುಖ್ಯಸ್ಥರು ರಾಜೀನಾಮೆ ಕೊಟ್ಟರು.

ಭಯೋತ್ಪಾದನೆಗೆ ಕಾರಣ ಹುಡುಕುತ್ತಾ ಹೋದರೆ ಒಂದು ಕಡೆ ನಿಲ್ಲುವುದಿಲ್ಲ. ಇರಾಕಿನಲ್ಲಿ 2003ರಲ್ಲಿ ಅಮೆರಿಕ ಅಲ್ಲಿನ ಸೈನ್ಯವನ್ನೇ ವಿಸರ್ಜಿಸಿ ಲಕ್ಷಾಂತರ ಶಸ್ತ್ರಧಾರಿಗಳನ್ನು ಬೀದಿಗೆ ತಳ್ಳಿತು. ಅವರಲ್ಲಿ ಕೆಲವು ಅಧಿಕಾರಿಗಳು ಮುಂದೆ ಐಸಿಸ್‌ಗೆ ಬಲ ತುಂಬಿದರು. ಬಡತನವೇ ಮೂಲ ಅನ್ನೋಣ ಅಂದರೆ, ಕೊಲಂಬೊ ದಾಳಿಕೋರರಲ್ಲಿ ಇಬ್ಬರು ಕೋಟ್ಯಧಿಪತಿ ಮಸಾಲೆ ವ್ಯಾಪಾರಿಯ ಮಕ್ಕಳು. ಭಯೋತ್ಪಾದನೆ ಎಂದರೇನು ಅನ್ನುವುದರ ಮೇಲೆ ವಿಶ್ವಸಂಸ್ಥೆಯಲ್ಲಿ ಒಮ್ಮತವಿಲ್ಲ. ಭಾರತವೇ 1996ರಲ್ಲಿ ಮಂಡಿಸಿದ ಸಮಗ್ರ ಒಪ್ಪಂದದ ಕರಡು ಅದೇ ಜಗಳದಲ್ಲಿ ಸಿಕ್ಕಿಕೊಂಡಿದೆ. ಇವನ್ನೆಲ್ಲ ಬಗೆಹರಿಸಿ ಅಂತ ನಿಮ್ಮನ್ನು ಕೇಳಿದರೆ ಅನ್ಯಾಯವಾಗುತ್ತದೆ. ಆದರೆ ಮೇಜಿನ ಮೇಲೆ ಬಿದ್ದಿದ್ದ ಚೀಟಿಯ ಲೆಕ್ಕ ಕೇಳುವುದು ನಿಮ್ಮ ಕೈಯಲ್ಲೇ ಇದೆ ಅಲ್ವಾ?

ನಮ್ಮಲ್ಲಿ ಏನಾಗಿದೆ ನೋಡಿ. 2008ರ ಮುಂಬೈ ದಾಳಿಯಲ್ಲಿ 166 ಜನ ಸತ್ತರು. ಮಹಾರಾಷ್ಟ್ರ ಸರ್ಕಾರ ರಾಮ್ ಪ್ರಧಾನ್ ಸಮಿತಿ ನೇಮಿಸಿತು. ದಾಳಿಕೋರರು ಬಂದದ್ದು ಕರಾಚಿಯಿಂದ ಸಮುದ್ರ ದಾಟಿ. ಗುಪ್ತಚರ ಸಂಸ್ಥೆಗಳು, ಕರಾವಳಿ ಕಾವಲು ಪಡೆ, ನೌಕಾಪಡೆ ಎಲ್ಲವೂ ಕೇಂದ್ರದ ಕೆಳಗಿವೆ. ರಾಜ್ಯದ ಸಮಿತಿ ಅವರನ್ನು ಪ್ರಶ್ನಿಸುವಂತಿರಲಿಲ್ಲ. ಕೇಂದ್ರ ಸರ್ಕಾರ ತನ್ನದೇ ಆಯೋಗ ನೇಮಿಸಲೂ ಇಲ್ಲ. 2019ರಲ್ಲಿ ಪುಲ್ವಾಮಾದಲ್ಲಿ ಸಿಆರ್‌ಪಿಎಫ್‌ನ 40 ಯೋಧರು ಹೋದರು, ಆಗಲೂ ಆಯೋಗ ಇಲ್ಲ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಜನರನ್ನು ಕೊಂದರು, ನಮ್ಮ ಶಿವಮೊಗ್ಗ, ಬೆಂಗಳೂರಿನವರೂ ಅದರಲ್ಲಿದ್ದರು. ಅದು ಭದ್ರತಾ ವೈಫಲ್ಯ, ಹೊಣೆ ನನ್ನದು ಎಂದು ಜಮ್ಮು-ಕಾಶ್ಮೀರದ ಆಗಿನ ಉಪರಾಜ್ಯಪಾಲ ಮನೋಜ್ ಸಿನ್ಹಾ ಜುಲೈನಲ್ಲಿ ಪತ್ರಿಕೆಗೆ ಹೇಳಿದರು. ದೊಡ್ಡ ಮಾತೇ. ಆದರೆ ಆ ಮಾತು ಅಲ್ಲಿಗೇ ನಿಂತಿತು.

ಎನ್ಐಎ ಇದೆಯಲ್ಲ ಅನ್ನಬಹುದು. ಎನ್ಐಎ ಹುಡುಕುವುದು ಬಾಂಬ್ ಇಟ್ಟವನನ್ನು. ಯಾರು ನಿದ್ದೆ ಹೋಗಿದ್ದರು ಅನ್ನುವುದು ಅದರ ಕೆಲಸವಲ್ಲ. ಬೆಂಗಳೂರಿನ ರಾಮೇಶ್ವರಂ ಕೆಫೆಯ ಪ್ರಕರಣವನ್ನೇ ತೆಗೆದುಕೊಳ್ಳಿ. 2024ರ ಮಾರ್ಚ್ 1ರ ಆ ಸ್ಫೋಟದ ತನಿಖೆ ಚುರುಕಾಗಿಯೇ ನಡೆಯಿತು. ಒಂದೂವರೆ ತಿಂಗಳೊಳಗೆ ಪ್ರಮುಖ ಆರೋಪಿಗಳು ಬಂಗಾಳದಲ್ಲಿ ಸಿಕ್ಕರು. ಅವರಿಬ್ಬರೂ ಹಳೆಯ ಪ್ರಕರಣವೊಂದರಲ್ಲಿ 2020ರಿಂದ ತಲೆಮರೆಸಿಕೊಂಡಿದ್ದವರು ಎಂದು ಎನ್ಐಎ ತಾನೇ ಹೇಳಿದೆ. ಪೊಲೀಸರಿಗೆ ಬೇಕಾದವರು ಅಷ್ಟು ವರ್ಷ ಹೇಗೆ ಕಣ್ಣು ತಪ್ಪಿಸಿದರು? ಈ ಪ್ರಶ್ನೆಗೆ ಉತ್ತರ ಕೊಡಬೇಕಾದ ಜಾಗವೇ ನಮ್ಮ ವ್ಯವಸ್ಥೆಯಲ್ಲಿ ಇಲ್ಲ.

ಹೀಗೆ ಉತ್ತರ ಸಿಗದಿದ್ದಾಗ ಜನ ತಪ್ಪಿತಸ್ಥನನ್ನು ಪಕ್ಕದ ಬೀದಿಯಲ್ಲಿ ಹುಡುಕುತ್ತಾರೆ. ಶ್ರೀಲಂಕಾದಲ್ಲಿ 2019ರ ಮೇ ತಿಂಗಳಲ್ಲಿ ಮುಸ್ಲಿಮರ ಅಂಗಡಿ, ಮನೆ, ಮಸೀದಿಗಳ ಮೇಲೆ ಗುಂಪುಗಳು ದಾಳಿ ಮಾಡಿದವು. ಜಹ್ರಾನ್ ಬಗ್ಗೆ ಮೊದಲೇ ದೂರು ಕೊಟ್ಟಿದ್ದು ಅದೇ ಸಮುದಾಯ! ಪಹಲ್ಗಾಮ್ ಆದ ಮೇಲೆ ಹಲವು ಊರುಗಳಲ್ಲಿ ಓದುತ್ತಿದ್ದ ಕಾಶ್ಮೀರಿ ಹುಡುಗರನ್ನು ಬೆದರಿಸಿ ಓಡಿಸಿದ್ದು ನಿಮಗೆ ನೆನಪಿರಬೇಕು. ಭಯೋತ್ಪಾದಕನಿಗೆ ಬೇಕಾಗಿರುವುದೂ ಇದೇ. ಮುಂದಿನ ಹುಡುಗ ಅವನಿಗೆ ಸಿಗುವುದು ಇಲ್ಲಿಂದಲೇ.

ದೇಶದ ಭದ್ರತೆಯ ಗುಟ್ಟು ಬಯಲಾಗುತ್ತದೆ ಅನ್ನುವ ತಕರಾರು ಬರುತ್ತದೆ. ಅದಕ್ಕೆ ಉತ್ತರ ನಮ್ಮಲ್ಲೇ ಇದೆ. 1999ರಲ್ಲಿ ಕಾರ್ಗಿಲ್ ಯುದ್ಧ ಮುಗಿದ ಮೂರೇ ದಿನಕ್ಕೆ ವಾಜಪೇಯಿ ಸರ್ಕಾರ ಕೆ. ಸುಬ್ರಹ್ಮಣ್ಯಂ ಅಧ್ಯಕ್ಷತೆಯಲ್ಲಿ ಪರಿಶೀಲನಾ ಸಮಿತಿ ರಚಿಸಿತು. ಮುಂದಿನ ವರ್ಷ ಗುಟ್ಟಿನ ಭಾಗಗಳನ್ನು ತೆಗೆದು ಉಳಿದದ್ದನ್ನು ಸಂಸತ್ತಿನಲ್ಲಿ ಮಂಡಿಸಿದರು. ಅದರಿಂದ ದೇಶಕ್ಕೇನೂ ಆಗಲಿಲ್ಲ.

1952ರ ವಿಚಾರಣಾ ಆಯೋಗಗಳ ಕಾಯ್ದೆ ಈಗಲೂ ಇದೆ. ಸಂಸತ್ತಿನ ಎರಡೂ ಸದನ ನಿರ್ಣಯ ಮಾಡಿದರೆ ಕೇಂದ್ರ ಸರ್ಕಾರ ಆಯೋಗ ನೇಮಿಸಲೇಬೇಕು. ವರದಿ ಬಂದ ಆರು ತಿಂಗಳೊಳಗೆ, ಏನು ಕ್ರಮ ಕೈಗೊಂಡೆವು ಎಂಬ ಟಿಪ್ಪಣಿ ಸಮೇತ ಅದನ್ನು ಸದನದಲ್ಲಿಡಬೇಕು. ತೊಂದರೆ ಏನೆಂದರೆ, ಬಹುಮತ ಇರುವ ಸರ್ಕಾರ ತನ್ನ ಮೇಲೆ ತಾನೇ ನಿರ್ಣಯ ತರುವುದಿಲ್ಲ. ಹಾಗಾಗಿ ಇದನ್ನು ಸರ್ಕಾರದ ಮರ್ಜಿಗೆ ಬಿಡದೆ, ಇಂತಿಷ್ಟು ಜನ ಸತ್ತ ಭಯೋತ್ಪಾದಕ ದಾಳಿಗೆ ಆಯೋಗ ತಾನಾಗಿಯೇ ರಚನೆಯಾಗುವಂತೆ ಕಾಯ್ದೆಗೆ ತಿದ್ದುಪಡಿ ಬೇಕು. ಕೇಂದ್ರದ ಗುಪ್ತಚರ ಸಂಸ್ಥೆಗಳನ್ನೂ ಕರೆದು ಕೇಳುವ ಅಧಿಕಾರ ಅದಕ್ಕಿರಬೇಕು. ಎಷ್ಟು ಜನ, ಎಷ್ಟು ತಿಂಗಳು ಅನ್ನುವುದನ್ನು ನೀವು ಚರ್ಚಿಸಿ ಗೊತ್ತು ಮಾಡಿ.

ಶುಕ್ರವಾರ ಮಧ್ಯಾಹ್ನ ಖಾಸಗಿ ಸದಸ್ಯರ, ಅಂದರೆ ಮಂತ್ರಿಯಲ್ಲದ ಸಂಸದರ, ಮಸೂದೆಗಳಿಗೆ ಸಮಯ ಇರುತ್ತದೆ. ಆ ಹೊತ್ತಿಗೆ ಜಾಸ್ತಿ ಜನ ಊರಿಗೆ ಹೊರಟಿರುತ್ತಾರೆ, ಗೊತ್ತಿದೆ. ಇಂಥ ಮಸೂದೆ ಪಾಸಾಗುವುದು ಅಪರೂಪ ಅನ್ನುವುದೂ ಗೊತ್ತಿದೆ. ಆದರೂ ಮಂಡನೆಯಾದರೆ ಕಡತದಲ್ಲಿ ಉಳಿಯುತ್ತದೆ. ಚರ್ಚೆಗೆ ಬಂದರೆ ಮಂತ್ರಿಗಳು ಉತ್ತರ ಕೊಡಬೇಕಾಗುತ್ತದೆ. ಆಳುವ ಪಕ್ಷದಿಂದ ಒಬ್ಬರು, ವಿರೋಧ ಪಕ್ಷದಿಂದ ಒಬ್ಬರು ಒಂದೇ ಮಸೂದೆಯನ್ನು ಬೇರೆ ಬೇರೆಯಾಗಿ ಕೊಟ್ಟರೆ ಇನ್ನೂ ಒಳ್ಳೆಯದು. ನಿಮ್ಮಲ್ಲಿ ಯಾರು ಕೊಡುತ್ತೀರಿ ಎಂದು ಮುಂದಿನ ಅಧಿವೇಶನಕ್ಕೆ ಮುಂಚೆ ತಿಳಿಸಿ.

ಇಂತಿ,
ಬೆಂಗಳೂರಿನ ಒಬ್ಬ ಮತದಾರ