ಬಾಗಿಲ ಹೊರಗೇ ಉಳಿಯಬೇಕಾದ ಕೋವಿ: ಗೆಳೆಯನಿಗೊಂದು ಪತ್ರ

ಡಲ್ಲಾಸ್

ಪ್ರಿಯ ಬೋಪಯ್ಯ,

ಬಂದೂಕು ಒಳತರಬೇಡಿರೆಂದು ಇಲ್ಲಿನ ದಿನಸಿ ಅಂಗಡಿಯ ಬಾಗಿಲಿಗೆ ಅಂಟಿಸಿದ್ದ ಎರಡು ಫಲಕಗಳ ಚಿತ್ರವನ್ನು ನೋಡಿ ನೀನು, "ಕೊಲ್ಲಲೆಂದೇ ಬಂದವನು ಇದನ್ನು ಓದಿ ಮನೆಗೆ ಹೋಗುತ್ತಾನೆಯೇ?" ಎಂದು ಕೇಳಿದ್ದೆ. ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿಯುಳ್ಳ ಕೊಡವರ ಮನೆಯಲ್ಲಿ ಬೆಳೆದವನು ನೀನು. ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್ ಪೂ ಎಂಬ ಹೂವನ್ನು ಸಿಕ್ಕಿಸಿ ಪೂಜಿಸುವುದನ್ನು ನಾನು ಕಂಡದ್ದು ನಿಮ್ಮ ಮನೆಯಲ್ಲಿಯೇ. ಆದ್ದರಿಂದ ಕೋವಿಯೆಂದರೆ ಬೆಚ್ಚಿಬೀಳುವವರು ಕೊಡುವ ಉತ್ತರ ನಿನಗೆ ಸಾಲದು.

ಟೆಕ್ಸಾಸ್ ದಂಡ ಸಂಹಿತೆಯಲ್ಲಿ 30.06ನೆಯ ವಿಧಿ ಪರವಾನಗಿದಾರನು ಮರೆಮಾಡಿ ಒಯ್ಯುವ ಕೈಬಂದೂಕಿಗೆ, 30.07ನೆಯದು ಎದ್ದು ಕಾಣುವಂತೆ ಒಯ್ಯುವುದಕ್ಕೆ ಸಂಬಂಧಿಸಿದೆ. ಫಲಕವು ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ, ಕನಿಷ್ಠ ಒಂದು ಇಂಚು ಎತ್ತರದ ಅಕ್ಷರಗಳಲ್ಲಿರಬೇಕು. ಇಷ್ಟೆಲ್ಲ ಕಟ್ಟುನಿಟ್ಟಿನ ನಂತರವೂ ಅದನ್ನು ಮೀರಿ ಒಳಬಂದವನಿಗೆ ದಂಡ ಹೆಚ್ಚೆಂದರೆ 200 ಡಾಲರ್. ಹೊರಗೆ ಹೋಗೆಂದು ಬಾಯಿಬಿಟ್ಟು ಹೇಳಿದ ಮೇಲೂ ಹೋಗದಿದ್ದರೆ ಮಾತ್ರ ಅಪರಾಧದ ತೂಕ ಹೆಚ್ಚುತ್ತದೆ. ಕೊಲೆಗಾರನಿಗಾಗಿ ಬರೆದ ಕಾನೂನು ಇದಲ್ಲವೆಂದು ಆ ಮೊತ್ತವೇ ಹೇಳುತ್ತದೆ. ಆಯುಧದ ಹಕ್ಕನ್ನು ಕಾಯುವ, ಅಮೆರಿಕದ ಸಂವಿಧಾನದ ಎರಡನೆಯ ತಿದ್ದುಪಡಿಯಾದರೂ ಕಟ್ಟಿಹಾಕುವುದು ಸರಕಾರದ ಕೈಯನ್ನು, ಅಂಗಡಿಯವನ ಕೈಯನ್ನಲ್ಲ.

ಹಾಗಾದರೆ ಫಲಕ ಯಾರಿಗಾಗಿ? 2019ರ ಆಗಸ್ಟ್ 3ರಂದು ಎಲ್ ಪಾಸೋದ ವಾಲ್‌ಮಾರ್ಟ್‌ನಲ್ಲಿ ನಡೆದ ಗುಂಡಿನ ದಾಳಿಗೆ ಒಟ್ಟು 23 ಮಂದಿ ಬಲಿಯಾದರು. ಐದೇ ದಿನಗಳ ನಂತರ ಮಿಸೌರಿಯ ಸ್ಪ್ರಿಂಗ್‌ಫೀಲ್ಡ್‌ನ ವಾಲ್‌ಮಾರ್ಟ್‌ಗೆ ಇಪ್ಪತ್ತು ವರ್ಷದ ಯುವಕನೊಬ್ಬ ಗುಂಡುನಿರೋಧಕ ಕವಚ ತೊಟ್ಟು, ರೈಫಲ್ ಹಿಡಿದು ಬಂದ. ಜನ ದಿಕ್ಕಾಪಾಲಾಗಿ ಓಡಿದರು. ಅವನು ಗುಂಡು ಹಾರಿಸಲಿಲ್ಲ. ತನ್ನ ಹಕ್ಕನ್ನು ಅಂಗಡಿಯವರು ಗೌರವಿಸುವರೋ ಇಲ್ಲವೋ ಎಂದು ಪರೀಕ್ಷಿಸಲು ಬಂದಿದ್ದೆನೆಂದು ಪೊಲೀಸರಿಗೆ ಹೇಳಿದ. ಕೊಲ್ಲಲು ಬಂದವನೂ ಪರೀಕ್ಷಿಸಲು ಬಂದವನೂ ಮೊದಲ ಗುಂಡು ಹಾರುವವರೆಗೆ ನೋಡಲು ಒಂದೇ ತೆರ. ಅವರಿಬ್ಬರನ್ನು ಬೇರ್ಪಡಿಸುವ ಹೊಣೆ ಗಂಟೆಯ ಲೆಕ್ಕದಲ್ಲಿ ಸಂಬಳ ಪಡೆದು ಬಿಲ್ ಹಾಕುವ ಹುಡುಗಿಯ ತಲೆಯ ಮೇಲೆ ಬೀಳುತ್ತದೆ. ನಿಷೇಧವಿದ್ದರೆ ಅವಳು ಯಾರ ಮನಸ್ಸನ್ನೂ ಓದಬೇಕಿಲ್ಲ. ಕಂಡೊಡನೆ ಪೊಲೀಸರಿಗೆ ಫೋನ್ ಮಾಡಿದರಾಯಿತು. ಮರುತಿಂಗಳೇ ವಾಲ್‌ಮಾರ್ಟ್, ಕಾನೂನು ಒಪ್ಪಿರುವ ರಾಜ್ಯಗಳಲ್ಲಿಯೂ ಬಂದೂಕನ್ನು ಕಾಣುವಂತೆ ತರಬೇಡಿರೆಂದು ಗಿರಾಕಿಗಳನ್ನು ಕೇಳಿಕೊಂಡಿತು.

ಪೊಲೀಸರಿಗೂ ಗುರುತು ಸಿಗುವುದಿಲ್ಲ. 2018ರ ನವೆಂಬರ್‌ನಲ್ಲಿ ಅಲಬಾಮಾದ ಹೂವರ್ ಮಾಲ್‌ನಲ್ಲಿ ಗುಂಡು ಹಾರಿದಾಗ, ಕೈಬಂದೂಕು ಹಿಡಿದಿದ್ದ 21ರ ಯುವಕನನ್ನು ಪೊಲೀಸರು ಕೊಂದರು. ಆಮೇಲೆ, ಮೊದಲು ಗುಂಡು ಹಾರಿಸಿದವನು ಅವನಲ್ಲವೆಂದು ಒಪ್ಪಿಕೊಂಡರು.

ನಿನ್ನ ಪಕ್ಷದ ಬಲವಾದ ಸಾಕ್ಷಿಯನ್ನೂ ನಾನು ಮುಚ್ಚಿಡಲಾರೆ. 1991ರ ಅಕ್ಟೋಬರ್ 16ರಂದು ಇದೇ ಟೆಕ್ಸಾಸ್‌ನ ಕಿಲ್ಲೀನ್‌ನಲ್ಲಿ ಲೂಬಿಸ್ ಎಂಬ ಊಟದ ಮನೆಗೆ ನುಗ್ಗಿದವನು 23 ಜನರನ್ನು ಕೊಂದ. ಅಂದಿನ ಕಾನೂನಿಗೆ ಅಂಜಿ ತನ್ನ ರಿವಾಲ್ವರನ್ನು ಕಾರಿನಲ್ಲೇ ಬಿಟ್ಟುಬಂದಿದ್ದ ಸುಜಾನಾ ಹಪ್ ತಂದೆತಾಯಿಯರಿಬ್ಬರನ್ನೂ ಅಂದು ಕಳೆದುಕೊಂಡರು. 1995ರಲ್ಲಿ ಮರೆಮಾಡಿ ಒಯ್ಯಲು ಪರವಾನಗಿ ನೀಡುವ ಕಾನೂನು ಇಲ್ಲಿ ಬಂದುದರ ಹಿಂದೆ ಅವರ ಸಾಕ್ಷ್ಯದ ಬಲವಿತ್ತು. ಅವರ ಮುಂದೆ ನಿಂತು ವಾದಿಸುವ ಧೈರ್ಯ ನನಗಿಲ್ಲ. ಆದರೂ ಅಂಗಡಿ ನಡೆಸುವವನು ಅಂಥ ಒಂದು ದಿನವನ್ನಲ್ಲ, ಉಳಿದ ಸಾವಿರ ದಿನಗಳನ್ನು ಲೆಕ್ಕಹಾಕಬೇಕಾಗುತ್ತದೆ: ಮಕ್ಕಳನ್ನು ಕರೆದುಕೊಂಡು ಮಾತಿಲ್ಲದೆ ಎದ್ದುಹೋಗುವ ಗಿರಾಕಿ, ಕೈತಪ್ಪಿ ಬಿದ್ದು ಸಿಡಿಯಬಹುದಾದ ಪಿಸ್ತೂಲು, ಅದರಿಂದ ಮೈಮೇಲೆ ಬರುವ ದಾವೆ.

ಹಾಗೆಂದು ಅಂಗಡಿಯವರೆಲ್ಲ ಕೋವಿಯ ವೈರಿಗಳೆಂದು ತಿಳಿಯಬೇಡ. 2015ರಲ್ಲಿ ವಾಟಬರ್ಗರ್‌ನ ಮುಖ್ಯಸ್ಥರು, ತಾವೇ ಬೇಟೆಗಾರರೂ ಪರವಾನಗಿ ಪಡೆದವರೂ ಆಗಿದ್ದು, ತಮ್ಮ ಹೋಟೆಲುಗಳಲ್ಲಿ ಬಂದೂಕನ್ನು ತೋರಿಸಿಕೊಂಡು ಬರುವುದು ಬೇಡವೆಂದರು. ಮರೆಮಾಡಿ ತರುವುದನ್ನು ಮಾತ್ರ ತಡೆಯಲಿಲ್ಲ. ಇಲ್ಲಿ ಎಷ್ಟೋ ಬಾಗಿಲುಗಳಲ್ಲಿ 30.07 ಒಂದೇ ಇರುತ್ತದೆ. ಸೊಂಟದ ಮೇಲೆ ಅಂಗಿ ಇಳಿಬಿಟ್ಟರೆ ಸಾಕು, ಒಳಗೆ ಬಾ ಎಂದಂತಾಯಿತು. ಈ ಅರೆಮನಸ್ಸಿನ ನಿಷೇಧ ನನಗಂತೂ ಒಪ್ಪಿಗೆಯಿಲ್ಲ. ನೀನು ಚಿತ್ರದಲ್ಲಿ ಕಂಡ ಅಂಗಡಿಯವನು ಎರಡೂ ಫಲಕಗಳನ್ನು ಹಾಕಿದ್ದಾನೆ. ಅರ್ಧ ಮೈಲಿ ಹೆಚ್ಚು ದೂರವಾದರೂ ನಾನು ಅಕ್ಕಿ ಬೇಳೆ ತರುವುದು ಅಲ್ಲಿಂದಲೇ.

ನಿನ್ನ
ಶ್ರೀಧರ