ತಿಕಾಲ್ ನೋಡುವ ಮುನ್ನಾ ರಾತ್ರಿ ಎಲ್ಲಿ ತಂಗಬೇಕು?

ಮಾನ್ಯರೆ,

ಗ್ವಾಟೆಮಾಲಾದ ಕಾಡಿನೊಳಗಿರುವ, ಪ್ರಾಚೀನ ಮಾಯಾ ಜನರ ಪಾಳುನಗರ ತಿಕಾಲ್‌ಗೆ ಹೊರಟವರಿಗೆ ಪ್ರವಾಸ ಲೇಖನಗಳು ಕೊಡುವ ಸಲಹೆ ಹೆಚ್ಚುಕಡಿಮೆ ಒಂದೇ: ಪೆಟೆನ್ ಇತ್ಸಾ ಸರೋವರದ ದ್ವೀಪದ ಮೇಲಿರುವ ಊರು ಫ್ಲೋರೆಸ್‌ನಲ್ಲಿ ರೂಮು ಮಾಡಿ, ರಾತ್ರಿ ಮೂರಕ್ಕೆ ಎದ್ದು ವ್ಯಾನ್ ಹತ್ತಿ, ‘ನಾಲ್ಕನೇ ದೇಗುಲ’ವೆಂಬ ಎತ್ತರದ ಪಿರಮಿಡ್ಡಿನ ತುದಿಯಿಂದ ಸೂರ್ಯೋದಯ ನೋಡಿ. ಫ್ಲೋರೆಸ್‌ನಿಂದ ಅಲ್ಲಿಗೆ ಸುಮಾರು 65 ಕಿ.ಮೀ. ಇದೆ. ತಿಕಾಲ್ ರಾಷ್ಟ್ರೀಯ ಉದ್ಯಾನದ ಗೇಟು ದಾಟಿದ ಮೇಲೂ 17 ಕಿ.ಮೀ.ಯಷ್ಟು ಕಾಡಿನ ರಸ್ತೆ. ಪ್ರಾಣಿಗಳು ಅಡ್ಡ ಬರುವುದರಿಂದ ಜೋರಾಗಿ ಓಡಿಸುವಂತಿಲ್ಲ. ಇಷ್ಟೆಲ್ಲ ನಿದ್ದೆಗೆಟ್ಟು ಮೇಲೆ ಹತ್ತಿ ಕೂತರೆ ಎಷ್ಟೋ ದಿನ ಎದುರಿಗಿರುವುದು ಬರೀ ಮಂಜು. ಹೌಲರ್ ಕೋತಿಗಳ ಅಬ್ಬರ ಕೇಳಿಸುತ್ತದೆ, ಸೂರ್ಯ ಮಾತ್ರ ನಾಪತ್ತೆ.

ಉದ್ಯಾನ ತೆರೆಯುವುದು ಬೆಳಿಗ್ಗೆ 6ಕ್ಕೆ. ವಿದೇಶಿಯರ ಮಾಮೂಲಿ ಟಿಕೆಟ್ 150 ಕೆತ್ಸಾಲ್ (ಗ್ವಾಟೆಮಾಲಾದ ಹಣ). ಆರಕ್ಕೆ ಮೊದಲೇ ಒಳಹೋಗಬೇಕೆಂದರೆ ಅದರ ಮೇಲೆ ಇನ್ನೂ 100, ಜೊತೆಗೆ ಗೈಡ್. ಜೂನ್‌ನಲ್ಲಿ ಅಲ್ಲಿ ಐದೂವರೆಯೊಳಗೆ ಹೊತ್ತು ಮೂಡುವುದರಿಂದ ಈ ಖರ್ಚು ತಪ್ಪದು. ಜನವರಿಯಲ್ಲಿ ಮೂಡುವುದೇ ಆರೂವರೆಯ ಹೊತ್ತಿಗೆ. ಉದ್ಯಾನದೊಳಗಿನ ಲಾಡ್ಜ್‌ನಲ್ಲಿ ಮಲಗಿದ್ದವರು ಆರಕ್ಕೆ ಮಾಮೂಲಿ ಟಿಕೆಟ್ ಹಿಡಿದು ಬಿರುಸಾಗಿ ನಡೆದರೆ ಅರ್ಧ ಗಂಟೆಯಲ್ಲಿ ಆ ದೇಗುಲದ ಬುಡದಲ್ಲಿರುತ್ತಾರೆ. ಮರದ ಮೆಟ್ಟಿಲು ಇಬ್ಬನಿಗೆ ಜಾರುತ್ತದೆ. ರಬ್ಬರ್ ಅಟ್ಟೆ ಸವೆದ ಬೂಟು ಬೇಡ.

ಹಾಗೆಂದು ಒಳಗಿನ ಲಾಡ್ಜ್ ಎಲ್ಲರಿಗೂ ಒಗ್ಗುವುದಿಲ್ಲ. ಬೆರಳೆಣಿಕೆಯಷ್ಟೇ ಇವೆ, ದರವೂ ಹೆಚ್ಚು. ಮುಖ್ಯವಾಗಿ, ಕರೆಂಟು ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಎಂದು ಬುಕ್ ಮಾಡುವಾಗಲೇ ಕೇಳಿಕೊಳ್ಳಿ. ನಡುರಾತ್ರಿ ಜನರೇಟರ್ ನಿಂತರೆ ಫ್ಯಾನೂ ನಿಲ್ಲುತ್ತದೆ, ಹಾಸಿಗೆಯ ಬಟ್ಟೆ ತೇವಕ್ಕೆ ಮೈಗಂಟುತ್ತದೆ. ಆದ್ದರಿಂದ ಎದುರುಬದುರು ಕಿಟಕಿ, ಹರಿಯದ ಸೊಳ್ಳೆ ಜಾಲರಿ ಇರುವ ಕೋಣೆಯನ್ನೇ ಕೇಳಿ. ಫೋನು ಸಂಜೆಯೇ ಚಾರ್ಜ್ ಆಗಿರಲಿ. ಬೆಳಿಗ್ಗೆ ಬೂಟನ್ನು ಕೊಡವಿ ಹಾಕಿಕೊಳ್ಳಿ, ಚೇಳು ಇರಬಹುದು. ಒಳಗೆ ಎಟಿಎಂ ಇಲ್ಲ, ಹಣ ಫ್ಲೋರೆಸ್ ಪಕ್ಕದ ಊರು ಸಾಂತಾ ಎಲೆನಾದಲ್ಲೇ ತೆಗೆದುಕೊಂಡಿರಬೇಕು. ಟಿಕೆಟ್ ಆಯಾ ದಿನದ್ದು; ಎರಡು ದಿನ ಸುತ್ತುವವರಿಗೆ ಎರಡು ಟಿಕೆಟ್.

ಕೈಯಲ್ಲಿ ಹಣ ಕಡಿಮೆ ಇದ್ದವರಿಗೆ ಅದೇ ಸರೋವರದ ಪೂರ್ವ ತುದಿಯ ಹಳ್ಳಿ ಎಲ್ ರೆಮಾಟೆ ವಾಸಿ. ತಿಕಾಲ್‌ನ ಅರ್ಧ ದಾರಿ ಅಲ್ಲೇ ಕಳೆದಿರುತ್ತದೆ. ನೆರೆಯ ದೇಶ ಬೆಲೀಜ್ ಕಡೆಯಿಂದ ಬರುವವರು ಫ್ಲೋರೆಸ್‌ವರೆಗೆ ಹೋಗುವುದಂತೂ ದಂಡ: ಇಶ್ಲು ಕೂಡುರಸ್ತೆಯಲ್ಲಿ ಇಳಿದರೆ ಎಲ್ ರೆಮಾಟೆ ಎರಡೇ ಕಿ.ಮೀ. ಇಳಿಯದಿದ್ದರೆ ಹತ್ತಿರ ಹತ್ತಿರ 30 ಕಿ.ಮೀ. ಮುಂದೆ ಹೋಗಿ, ಮರುದಿನ ಅದೇ ರಸ್ತೆಯಲ್ಲಿ ವಾಪಸ್.

ಫ್ಲೋರೆಸ್ ಬೇಡವೆಂದಲ್ಲ. ಚಿಕ್ಕ ಮಕ್ಕಳಿದ್ದರೆ, ರಾತ್ರಿಯಿಡೀ ಫ್ಯಾನು ಬೇಕೇ ಬೇಕೆಂದರೆ ಅದೇ ಸರಿ. ಮಾಯಾ ಜನರಲ್ಲಿ ಇತ್ಸಾ ಎಂಬ ಪಂಗಡದ ಕೊನೆಯ ರಾಜಧಾನಿ ನೋಹ್ಪೆಟೆನ್, ಸ್ಪೇನಿನವರು 1697ರಲ್ಲಿ ಗೆದ್ದದ್ದು, ಇದೇ ದ್ವೀಪದ ಮೇಲಿತ್ತು. ಅಲ್ಲೊಂದು ದಿನ ಇರಿ, ತಿಕಾಲ್ ಮುಗಿಸಿಕೊಂಡು ಬಂದ ಮೇಲೆ.