ಬಾಡಿಗೆಯೋರಿಗೂ ಹಿತ್ತಲಿನ ಕಾಗದ ತೋರಿಸಿ ಸ್ವಾಮಿ: ವಾಷಿಂಗ್ಟನ್ನಿನ ನಮ್ಮ ಏರಿಯಾ ಪ್ರತಿನಿಧಿಗೊಂದು ಬಹಿರಂಗ ಪತ್ರ

ಮಾನ್ಯ ಪ್ರತಿನಿಧಿಗಳೇ,

ಹಿತ್ತಲಿನ ಮಣ್ಣು ಟೆಸ್ಟ್ ಮಾಡಿದ ಕಾಗದ ಬಾಡಿಗೆಯೋರಿಗೂ ತೋರಿಸಿ ಅಂತ ಇಂಗ್ಲಿಷಲ್ಲಿ ನಾಲ್ಕು ಸಲ ಮೇಲ್ ಹಾಕಿದೀನಿ. ನಾಲ್ಕು ಸಲವೂ ನಿಮ್ಮ ಪತ್ರ ತಲುಪಿದೆ ಅಂತ ಕಂಪ್ಯೂಟರೇ ಉತ್ತರ ಕೊಡ್ತು. ಹೆಂಗೂ ಓದಲ್ವಲ್ಲ, ಕನ್ನಡದಲ್ಲೇ ಬರೆದ್ರೆ ಏನ್ ನಷ್ಟ ಅಂತ ಕೂತಿದೀನಿ. ಇಲ್ಲಿ ಮನೆ ಹುಡುಕ್ತಿರೋ ನಮ್ಮೋರಾದ್ರೂ ಓದ್ಲಿ.

ನಾನು ವಾಷಿಂಗ್ಟನ್ನಿನ ಸ್ಪ್ರಿಂಗ್ ವ್ಯಾಲಿ ಬಡಾವಣೇಲಿ ಬಾಡಿಗೆಗಿದೀನಿ, ಮೂರು ವರ್ಷ ಆಯ್ತು. ಹೋದ ಬೇಸಿಗೆಲಿ ಹಾಸನದಿಂದ ಅಮ್ಮ ಬಂದಿದ್ರು. ಸುಮ್ನೆ ಕೂರೋ ಜೀವ ಅಲ್ಲ ಅದು. ಬಂದ ವಾರಕ್ಕೇ ಹಿತ್ತಲು ಅಗೆದು ಮೆಂತ್ಯ, ದಂಟು ಹಾಕಿ, ಬೇಲಿಗೆ ಹೀರೆ ಬಳ್ಳಿ ಹಬ್ಬಿಸಿದ್ರು. ಆಗಸ್ಟ್‌ವರೆಗೂ ನಮ್ಮನೇಲಿ ಬರೀ ಬಸ್ಸಾರು, ಪಲ್ಯ. ಅಗೆಯೋವಾಗ ಮೊಳದುದ್ದ ತುಕ್ಕು ಹಿಡಿದ ಕಬ್ಬಿಣದ ತುಂಡು ಸಿಕ್ತಂತೆ, ಅದನ್ನ ನಲ್ಲಿ ಕೆಳಗೆ ತೊಳೆದು ಹಿತ್ತಲ ಬಾಗಿಲು ಗಾಳಿಗೆ ಬಡ್ಕೋಬಾರ್ದು ಅಂತ ಒತ್ತಿಗೆ ಇಟ್ಟಿದ್ರು. ಎರಡು ತಿಂಗಳು ನನ್ನ ಮಗ ಅದನ್ನ ಎಡವ್ಕೊಂಡೇ ಓಡಾಡಿದಾನೆ.

ಸೆಪ್ಟೆಂಬರಲ್ಲಿ ಪಕ್ಕದ ಮನೆ ಅಜ್ಜ ನಾಯಿ ಹಿಡ್ಕೊಂಡು ಬಂದೋರು ಅದನ್ನ ನೋಡಿ ಅಲ್ಲೇ ನಿಂತುಬಿಟ್ರು. ಹಳೇ ಫಿರಂಗಿ ಶೆಲ್ಲಿರಬಹುದು, ಮುಟ್ಟಬೇಡ, ಮಗೂನ ಎತ್ಕೊಂಡು ರಸ್ತೆಗೆ ಬಾ ಅಂದ್ರು. ಆಮೇಲೆ ಫೋನು, ಗಾಡಿಗಳು, ರಸ್ತೆಗೆ ಅಡ್ಡ ಟೇಪು. ಅಮ್ಮ ನೈಟೀಲೇ ಫುಟ್‌ಪಾತ್ ಮೇಲೆ ಮೂರು ಗಂಟೆ ನಿಂತಿದ್ರು. ಕೊನೆಗೆ ನೋಡಿದ್ರೆ ಹಳೇ ನೀರಿನ ಪೈಪು!

ಪೈಪಾಗಿತ್ತು, ಬಚಾವ್. ಅಲ್ಲದೇ ಇದ್ದಿದ್ರೆ? ಆ ಮೂರು ಗಂಟೆಲಿ ಅಜ್ಜ ಹೇಳಿದ್ದೆಲ್ಲ ನಿಮಗೆ ಮೊದಲೇ ಗೊತ್ತು, ನಮಗೆ ಮಾತ್ರ ಗೊತ್ತಿರ್ಲಿಲ್ಲ. ಮೊದಲ ಮಹಾಯುದ್ಧದ ಹೊತ್ತಲ್ಲಿ, 1917-18ರಲ್ಲಿ, ಇಲ್ಲೇ ಪಕ್ಕದ ಅಮೆರಿಕನ್ ಯೂನಿವರ್ಸಿಟಿ ಜಾಗದಲ್ಲಿ ಸೈನ್ಯದೋರು ವಿಷಾನಿಲ ತಯಾರಿಸಿ ಪರೀಕ್ಷೆ ಮಾಡ್ತಿದ್ರು, ಯುದ್ಧ ಮುಗೀತು, ಉಳಿದಿದ್ದನ್ನ ಗುಂಡಿ ತೋಡಿ ಹೂತು ಹೋದ್ರು, ಅದರ ಮೇಲೆ ಕೋಟಿಗಟ್ಟಲೆ ಬೆಲೆ ಬಾಳೋ ಮನೆಗಳು ಎದ್ವು. 1993ರ ಜನವರಿಲಿ ಕಾಂಟ್ರಾಕ್ಟರ್ ಒಬ್ಬ ಪೈಪ್‌ಲೈನಿಗೆ ಕಾಲುವೆ ತೋಡೋವಾಗ ಶೆಲ್ಲುಗಳು ಸಿಕ್ವು. 1995ಕ್ಕೆ ಕ್ಲೀನಿಂಗ್ ಮುಗೀತು ಅಂದ್ರು, ಮೂರೇ ವರ್ಷಕ್ಕೆ ಮತ್ತೆ ಅಗೆಯೋಕೆ ಬಂದ್ರು. ಮಣ್ಣಲ್ಲಿ ಆರ್ಸೆನಿಕ್ ಅನ್ನೋ ವಿಷ. ಅದನ್ನ ಹೀರ್ಲಿ ಅಂತ ಕೆಲವು ಹಿತ್ತಲಲ್ಲಿ ಜರಿಗಿಡ ನೆಟ್ಟಿದ್ರಂತೆ, ನಮ್ಮಮ್ಮ ಅದೇ ಊರಲ್ಲಿ ದಂಟಿನ ಸೊಪ್ಪು ನೆಟ್ಟಿದ್ರು ನೋಡಿ. ಇದೇ ಏರಿಯಾದ ಗ್ಲೆನ್‌ಬ್ರುಕ್ ರೋಡಲ್ಲಿ 2012ರಲ್ಲಿ ಒಂದು ಮನೇನೇ ಕೆಡವಿ ಅಡಿ ಅಗೆದ್ರು, 2017ರಲ್ಲಿ ಅಲ್ಲಿ ಕೆಲಸ ಮಾಡೋರೇ ಆಸ್ಪತ್ರೆ ಸೇರಿದ್ರು.

ಆ ವಿಷಾನಿಲಗಳಲ್ಲಿ ಮಸ್ಟರ್ಡ್ ಗ್ಯಾಸೂ ಇತ್ತು ಅಂತ ಅಜ್ಜ ಅಂದಾಗ ಅಮ್ಮಂಗೆ ಮಸ್ಟರ್ಡ್ ಅಂತ ಮಾತ್ರ ಕೇಳಿಸ್ತು. "ಸಾಸಿವೆ ಹೂತಿದ್ದಕ್ಕೆ ಇಷ್ಟೊಂದು ಗಲಾಟೆನಾ?" ಅಂದ್ರು. ಮೈಮೇಲೆ ಬೊಬ್ಬೆ ಏಳಿಸೋ ವಿಷಕ್ಕೆ ಒಗ್ಗರಣೆ ಸಾಮಾನಿನ ಹೆಸರು ಯಾಕಿಟ್ರೋ, ಅದನ್ನ ಬಿಡಿಸಿ ಹೇಳೋಷ್ಟರಲ್ಲಿ ನನ್ ಕಣ್ಣಲ್ಲಿ ನೀರು.

ಓನರಿಗೆ ಫೋನ್ ಮಾಡ್ದೆ. ನಮ್ಮ ಹಿತ್ತಲಿನ ಮಣ್ಣು ಟೆಸ್ಟ್ ಮಾಡಿದ ಕಾಗದ ಅವನ ಹತ್ರ ಇದೆಯಂತೆ. ತೋರ್ಸಪ್ಪ ಅಂದ್ರೆ "ನಿನಗ್ಯಾಕೆ, ನೀನು ಬಾಡಿಗೆಯೋನು" ಅಂದ. ಅಂದ್ರೆ ಆರ್ಸೆನಿಕ್ ಮನೆ ಪತ್ರ ನೋಡ್ಕೊಂಡು ಓನರ್ ಹೊಟ್ಟೆಗೆ ಮಾತ್ರ ಹೋಗುತ್ತಾ? ಕಾಗದ ಇರೋದು ಓನರ್ ಹತ್ರ, ಸೊಪ್ಪು ತಿಂದೋರು ನಾವು.

ನಾನು ಕೇಳ್ತಿರೋದು ಒಂದೇ. ಈ ಏರಿಯಾದಲ್ಲಿ ಬಾಡಿಗೆಗೆ ಕೊಡೋಕೆ ಮುಂಚೆ ಹಿತ್ತಲಿನ ಕಾಗದ ತೋರಿಸೋದು ಕಡ್ಡಾಯ ಮಾಡಿ. ನಿಯಮಗಳೆಲ್ಲ ನನಗಿಂತ ನಿಮಗೇ ಚೆನ್ನಾಗಿ ಗೊತ್ತು, ಎಲ್ಲಿ ಯಾವ ಸಾಲು ಸೇರಿಸಬೇಕೋ ಸೇರಿಸಿ. ನನಗೆ ಪರಿಹಾರ ಬೇಡ, ಸಾರಿ ಬೇಡ, ಕಾಗದ ತೋರಿಸಿ ಸಾಕು. ಎಷ್ಟು ಆರ್ಸೆನಿಕ್ ಇತ್ತು, ಎಲ್ಲೀವರೆಗೂ ಅಗೆದ್ರು, ಎಲ್ಲಿ ಬಿಟ್ರು, ಅಷ್ಟೇ. ನಾಯಿ ಕಟ್ಟೋಕೆ ಪ್ರತ್ಯೇಕ ಡೆಪಾಸಿಟ್ ಅಂತ ಒಂದು ಪುಟ ಬರೆದಿರೋ ಅಗ್ರಿಮೆಂಟಲ್ಲಿ ಇದಕ್ಕೆ ಎರಡು ಸಾಲು ಜಾಗ ಇಲ್ವಾ?

ಅಮ್ಮ ವಾಪಸ್ ಹೋಗೋವಾಗ ಹೀರೆ ಬೀಜನ ಪೇಪರಲ್ಲಿ ಕಟ್ಟಿ ಫ್ರಿಜ್ ಮೇಲಿಟ್ಟು ಹೋಗಿದಾರೆ. ಪ್ರತಿ ಭಾನುವಾರ ಫೋನಲ್ಲಿ ಕೇಳ್ತಾರೆ, ಹಾಕ್ತೀಯೋ ಇಲ್ವೋ ಅಂತ. ಏಪ್ರಿಲ್ ಒಳಗೆ ತಿಳಿಸಿ. ಉತ್ತರ ಇಂಗ್ಲಿಷಲ್ಲೇ ಕೊಟ್ರೂ ನಡೆಯುತ್ತೆ, ನಂಗೆ ಬರುತ್ತೆ.

ಇಂತಿ,
ನಿಮ್ಮ ಏರಿಯಾದ ಒಬ್ಬ ಬಾಡಿಗೆಯೋನು